ಮುಂಜಾನೆ ಡೀಸೆಲ್ ಗಾಡಿ ಹಠ ಹಿಡಿದರೆ: ಹೀಟರ್ ಪ್ಲಗ್ ಬಗ್ಗೆ ತಿಳಿದಿರಲಿ



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಜಂತುನಾಶಕ ಔಷಧ, ಹಸಿರು ಮೇವು ಇವುಗಳ ಬಗ್ಗೆ ಬರೆಯುತ್ತೇನೆ. ಈ ಬಾರಿ ಗಾಡಿಯ ವಿಷಯ. ಪಶುವೈದ್ಯರಿಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ.

ಕೆಲವು ವರ್ಷಗಳ ಹಿಂದೆ ಜನವರಿಯ ಒಂದು ಮುಂಜಾನೆ ಐದು ಗಂಟೆಗೆ ಬನ್ನೇರುಘಟ್ಟದಾಚೆಯ ಹಳ್ಳಿಯೊಂದರಿಂದ ಕರೆ ಬಂತು. ಹಿಂದಿನ ದಿನ ಕರು ಹಾಕಿದ ಹಸು ನೆಲ ಹಿಡಿದಿತ್ತು, ಕಿವಿ ತಣ್ಣಗಾಗಿತ್ತು, ಕುತ್ತಿಗೆ ಪಕ್ಕಕ್ಕೆ ತಿರುಗಿಸಿ ಮಲಗಿತ್ತು. ಅದು ಹಾಲು ಜ್ವರ. ಇಂಥ ಹಸುವಿಗೆ ಒಂದೊಂದು ಗಂಟೆಯೂ ಮುಖ್ಯ. ಬನಶಂಕರಿಯ ಮನೆಯ ಮುಂದೆ ನನ್ನ ಹಳೆಯ ಡೀಸೆಲ್ ಜೀಪು ನಿಂತಿತ್ತು. ಸೆಲ್ಫ್ ಹೊಡೆದರೆ ಬಿಳಿ ಹೊಗೆ ಬರುತ್ತಿತ್ತು, ಎಂಜಿನ್ ಮಾತ್ರ ಹತ್ತಲಿಲ್ಲ. ನಾಲ್ಕನೇ ಸಲಕ್ಕೆ ಬ್ಯಾಟರಿಯೂ ಸೋತಿತು. ನೆರೆಯವರನ್ನು ಎಬ್ಬಿಸಿ ತಳ್ಳಿಸಿ ಹೊರಡುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಮನೆಯೊಡತಿ ಜಾಣೆ. ಹಸು ಅಡ್ಡ ಬೀಳದಂತೆ ಎರಡೂ ಪಕ್ಕಕ್ಕೆ ಹುಲ್ಲು ತುಂಬಿದ ಗೋಣಿಚೀಲ ಕೊಟ್ಟು ಎದೆಯ ಮೇಲೆ ಕೂರಿಸಿದ್ದರು, ಬಾಯಿಗೆ ಏನನ್ನೂ ಹೊಯ್ದಿರಲಿಲ್ಲ. ಹಾಗಾಗಿ ಕ್ಯಾಲ್ಸಿಯಂ ಬಾಟಲಿ ನಿಧಾನವಾಗಿ ರಕ್ತನಾಳಕ್ಕೆ ಹೋದ ಮೇಲೆ ಹಸು ಎದ್ದಿತು. ತಪ್ಪು ನನ್ನದೇ. ಸ್ಟಾರ್ಟ್ ಆದ ಕೂಡಲೇ ಜೀಪು ಒಂದು ತಿಂಗಳಿಂದ ನಡುಗುತ್ತಿದ್ದುದು ಗೊತ್ತಿದ್ದೂ ಸುಮ್ಮನಿದ್ದೆ.

ಡಬ್ಬಿಗಳಲ್ಲಿ ಹಾಲು ಸಾಗಿಸುವ ನಿಮಗೂ ಇದೇ ಮಾತು ಅನ್ವಯಿಸುತ್ತದೆ. ಕರೆದ ಹಾಲು ಹಸುವಿನ ಮೈಯ ಬಿಸಿಯಲ್ಲಿಯೇ ಇರುತ್ತದೆ. ಅದು 4 ಡಿಗ್ರಿಗೆ ತಂಪಾಗುವುದು ತಡವಾದಷ್ಟೂ ಸೂಕ್ಷ್ಮಾಣುಗಳು ಹೆಚ್ಚುತ್ತವೆ, ಹಾಲು ಹುಳಿಯಾಗಿ ತಿರಸ್ಕೃತವಾಗುತ್ತದೆ.

ಡೀಸೆಲ್ ಹೊತ್ತಿಕೊಳ್ಳುವುದು ಹೇಗೆ?

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರುತ್ತೀರಿ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಹಳೆಯ ಡೀಸೆಲ್ ಕಾರಿನ ಎಂಜಿನ್ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಆಗ ಗಾಳಿಯ ಬಿಸಿ 500 ಡಿಗ್ರಿಯನ್ನೂ ಮೀರುತ್ತದೆ. ಅದರೊಳಕ್ಕೆ ನಾಜಲ್ ಸಣ್ಣ ಹನಿಗಳಾಗಿ ಡೀಸೆಲ್ ಚಿಮ್ಮಿಸಿದ ಕೂಡಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿನ ತತ್ವ ಇದೇ.

ನಮ್ಮ ಡೇರಿ ಸರ್ಕಲ್‌ಗೆ ಕೂಗಳತೆಯಲ್ಲಿರುವ ಆಡುಗೋಡಿಯ ಮೈಕೋ ಕಾರ್ಖಾನೆ ಹೆಸರು ಮಾಡಿದ್ದು ಈ ಡೀಸೆಲ್ ಪಂಪು ಮತ್ತು ನಾಜಲ್‌ಗಳಿಂದಲೇ. 1951ರಲ್ಲಿ ಸ್ಥಾಪನೆಯಾದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಬಿ.ಟಿ.ಎಂ. ಕಡೆಯ ಮೈಕೋ ಲೇಔಟ್ ಹೆಸರಿನಲ್ಲಿ ಹಳೆಯ ನೆನಪು ಉಳಿದಿದೆ.

ಹೀಟರ್ ಪ್ಲಗ್ ಏಕೆ ಬೇಕು?

ಅಂಬಾಸಡರ್ ಡೀಸೆಲ್ ಕಾರು, ಪ್ಯೂಜೊ ಎಂಜಿನ್ನಿನ ಮಹೀಂದ್ರ ಜೀಪು, 1994ರಲ್ಲಿ ಬಂದ ಟಾಟಾ ಸುಮೊ, ಇಂಥ ಹಳೆಯ ಗಾಡಿಗಳಲ್ಲಿ ಡೀಸೆಲ್ ಮೊದಲು ಸಿಲಿಂಡರಿನ ಮೇಲಿರುವ ಒಂದು ಪುಟ್ಟ ಕೋಣೆಗೆ ಬೀಳುತ್ತದೆ. ಆ ಕೋಣೆಯ ಗೋಡೆ ರಾತ್ರಿಯೆಲ್ಲ ತಣ್ಣಗಾಗಿರುತ್ತದೆ. ಒತ್ತಿದ ಗಾಳಿಯ ಬಿಸಿಯನ್ನು ಅದು ಹೀರಿಕೊಳ್ಳುವುದರಿಂದ ಡೀಸೆಲ್ ಹೊತ್ತದೆ ಬಿಳಿ ಹೊಗೆಯಾಗಿ ಹೊರಬರುತ್ತದೆ. ಬೆಂಗಳೂರಿನ ಚಳಿ ದೊಡ್ಡದೇನಲ್ಲ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ಆದರೂ ಜನವರಿಯ 15 ಡಿಗ್ರಿ ಚಳಿಯೇ ಈ ಎಂಜಿನ್ನುಗಳಿಗೆ ಸಾಕು.

ಈ ಕೊರತೆ ತುಂಬಲು ಒಂದೊಂದು ಕೋಣೆಗೆ ಒಂದೊಂದು ಹೀಟರ್ ಪ್ಲಗ್ ಇರುತ್ತದೆ. ಇದನ್ನು ಗ್ಲೋ ಪ್ಲಗ್ ಎಂದೂ ಕರೆಯುತ್ತಾರೆ. ಪೆನ್ಸಿಲ್ ಗಾತ್ರದ ಲೋಹದ ಕೊಳವೆಯೊಳಗೆ ಸುರುಳಿ ತಂತಿ ಇರುತ್ತದೆ. ವಿದ್ಯುತ್ ಹರಿದಾಗ ಅದರ ತುದಿ 800 ಡಿಗ್ರಿಗೂ ಮೇಲೆ ಕಾದು ಕೆಂಡದಂತೆ ಕೆಂಪಾಗುತ್ತದೆ. ಬೂದಿಯಡಿ ಒಂದು ಕೆಂಡ ಉಳಿದಿದ್ದರೆ ಮುಂಜಾನೆ ಒಲೆ ಹೊತ್ತಿಸುವುದು ಸುಲಭ ಅಲ್ಲವೇ? ಇದೂ ಹಾಗೆಯೇ. ಎಂಜಿನ್ ಬಿಸಿಯಾದ ಮೇಲೆ ಇದರ ಅಗತ್ಯವಿಲ್ಲ.

ಹೊಸ ಗಾಡಿಗಳ ಪ್ಲಗ್ ಕೆಲವೇ ಸೆಕೆಂಡುಗಳಲ್ಲಿ ಕಾಯುತ್ತದೆ. ಹಳೆಯವಕ್ಕೆ 15ರಿಂದ 30 ಸೆಕೆಂಡ್ ಬೇಕು. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುವುದರಿಂದ ಹೀಟರ್ ಪ್ಲಗ್ ಇರುವುದಿಲ್ಲ.

ಲಕ್ಷಣ ನೋಡಿ ಕಾಯಿಲೆ ಗುರುತಿಸಿ

1. ಬಿಳಿ ಹೊಗೆ ಬರುತ್ತದೆ, ಎಂಜಿನ್ ಹತ್ತುವುದಿಲ್ಲ: ಡೀಸೆಲ್ ಬರುತ್ತಿದೆ, ಬಿಸಿ ಸಾಲದು. ಮೊದಲು ಹೀಟರ್ ಪ್ಲಗ್ ನೋಡಿ.
2. ಹೊಗೆಯೇ ಇಲ್ಲ: ಡೀಸೆಲ್ ಬರುತ್ತಿಲ್ಲ. ಏರ್ ಲಾಕ್ ಅಥವಾ ಫಿಲ್ಟರ್ ನೋಡಿಸಿ.
3. ಸೆಲ್ಫ್ ನಿಧಾನವಾಗಿ ತಿರುಗುತ್ತದೆ: ಬ್ಯಾಟರಿ ಅಥವಾ ಟರ್ಮಿನಲ್ ದೋಷ.
4. ಸ್ಟಾರ್ಟ್ ಆಗಿ ಒಂದೆರಡು ನಿಮಿಷ ನಡುಗಿ ಸರಿಹೋಗುತ್ತದೆ: ಒಂದೋ ಎರಡೋ ಪ್ಲಗ್ ಸುಟ್ಟಿರಬಹುದು. ನನ್ನ ಜೀಪಿನ ಲಕ್ಷಣ ಇದೇ ಆಗಿತ್ತು.
5. ಬಿಸಿ ಇದ್ದಾಗಲೂ ಹತ್ತುವುದಿಲ್ಲ: ಕಂಪ್ರೆಷನ್ ಅಥವಾ ಪಂಪಿನ ದೋಷ. ಪ್ಲಗ್ ಬದಲಿಸಿ ಹಣ ಕಳೆಯಬೇಡಿ.

ಪರೀಕ್ಷೆ ಹೇಗೆ?

ಎಂಜಿನ್ ನಿಲ್ಲಿಸಿ, ಕೀ ತೆಗೆದು, ಪ್ಲಗ್‌ಗಳಿಗೆ ಕರೆಂಟ್ ತರುವ ಪಟ್ಟಿಯನ್ನು ಎಲ್ಲ ಪ್ಲಗ್‌ಗಳಿಂದಲೂ ಬಿಚ್ಚಿ. ಬಿಚ್ಚದಿದ್ದರೆ ಪಕ್ಕದ ಪ್ಲಗ್ ಮೂಲಕ ಬಲ್ಬ್ ಉರಿದು ಮೋಸ ಮಾಡುತ್ತದೆ. 12 ವೋಲ್ಟ್ ಟೆಸ್ಟ್ ಬಲ್ಬಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಪ್ಲಗ್ಗಿನ ತಲೆಗೆ ಮುಟ್ಟಿಸಿ. ಬಲ್ಬ್ ಉರಿದರೆ ಒಳಗಿನ ಸುರುಳಿ ಕಡಿದಿಲ್ಲ, ಉರಿಯದಿದ್ದರೆ ಪ್ಲಗ್ ಸತ್ತಿದೆ. ಎಲ್ಲ ಪ್ಲಗ್ಗೂ ಸರಿಯಿದ್ದು ಕರೆಂಟ್ ಬರದಿದ್ದರೆ ರಿಲೇ ಅಥವಾ ಫ್ಯೂಸ್ ನೋಡಿಸಿ. ಬಹಳ ಹಳೆಯ ಕೆಲವು ಗಾಡಿಗಳಲ್ಲಿ ಪ್ಲಗ್‌ಗಳನ್ನು ಸರಪಳಿಯಂತೆ ಜೋಡಿಸಿರುತ್ತಾರೆ. ಅಲ್ಲಿ ಒಂದು ಹೋದರೆ ಯಾವುದೂ ಕಾಯುವುದಿಲ್ಲ.

ನೆನಪಿಡಬೇಕಾದ ಅಂಶಗಳು

• ಮೊದಲು ಹೀಟರ್, ನಂತರ ಸೆಲ್ಫ್. ದೀಪ ಆರುವ ತನಕ ತಾಳ್ಮೆಯಿಂದ ಕಾಯಿರಿ. ಸೆಲ್ಫನ್ನು ಒಂದೇ ಸಮನೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ.

• ನಾಲ್ಕು ಪ್ಲಗ್‌ಗಳು ಸೇರಿ 40 ಆಂಪಿಯರ್ ಅಥವಾ ಇನ್ನೂ ಹೆಚ್ಚು ಕರೆಂಟ್ ಎಳೆಯಬಲ್ಲವು. ಆದ್ದರಿಂದ ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ ಪುಡಿ ತೊಳೆದು, ಒಣಗಿಸಿ, ವ್ಯಾಸಲೀನ್ ಸವರಿ.

• ಗಾಳಿ ಹೋಗುವ ಬಾಯಿಗೆ ಈಥರ್ ಸ್ಪ್ರೇ ಅಥವಾ ಪೆಟ್ರೋಲ್ ಹಾಕಲೇಬೇಡಿ. ಕಾದ ಪ್ಲಗ್ ತಗುಲಿ ಸಿಡಿದರೆ ಎಂಜಿನ್ ಒಡೆಯುತ್ತದೆ, ಕೈ-ಮುಖ ಸುಡುತ್ತದೆ.

• ಪ್ಲಗ್ ಬಿಚ್ಚುವಾಗ ಎಂಜಿನ್ ಬೆಚ್ಚಗಿರಲಿ. ಬಲವಂತ ಮಾಡಿದರೆ ಮುರಿದು ಹೆಡ್ಡಿನೊಳಗೆ ಉಳಿಯುತ್ತದೆ. ಆ ಕೆಲಸ ತಿಳಿದ ಮೆಕ್ಯಾನಿಕ್‌ಗೆ ಬಿಡುವುದು ಒಳ್ಳೆಯದು.

• ಜೆ.ಸಿ. ರಸ್ತೆಗೆ ಹೋಗಿ ಹೊಸದು ಕೊಳ್ಳುವಾಗ ಹಳೆಯ ಪ್ಲಗ್ ಜೊತೆಗೆ ಒಯ್ಯಿರಿ. ವೋಲ್ಟೇಜ್, ಉದ್ದ, ಮರೆ ಮೂರೂ ಹೊಂದಬೇಕು. ಒಂದು ಸುಟ್ಟಿದ್ದರೆ ಉಳಿದವುಗಳ ಆಯುಷ್ಯವೂ ಮುಗಿಯುತ್ತಾ ಬಂದಿರುತ್ತದೆ, ಪೂರ್ತಿ ಸೆಟ್ ಬದಲಿಸಿ. ಹೊಸ ಪ್ಲಗ್ ಬೇಗ ಸುಟ್ಟರೆ ನಾಜಲ್ ಪರೀಕ್ಷಿಸಿ.

ದೀಪಾವಳಿಯ ಹೊತ್ತಿಗೆ, ಚಳಿ ಬಲಿಯುವ ಮೊದಲೇ, ಅರ್ಧ ಗಂಟೆ ಬಿಡುವು ಮಾಡಿಕೊಂಡು ಈ ಪರೀಕ್ಷೆ ಮಾಡಿಸಿ. ರೋಗ ಬರುವ ಮುನ್ನ ಲಸಿಕೆ ಹಾಕಿಸಿ ಎಂದು ನಿಮಗೆ ಹೇಳುವ ನಾನೇ ಜೀಪಿನ ವಿಷಯದಲ್ಲಿ ಅದನ್ನು ಮರೆತಿದ್ದೆ. ನೀವು ಮರೆಯಬೇಡಿ. ಹಸು ಮಲಗಿದಾಗ ವೈದ್ಯರಿಗೆ ಬೇಗ ಕರೆ ಮಾಡಿ, ಎದೆಯ ಮೇಲೆ ಕೂರಿಸಿ, ಬಾಯಿಗೆ ಏನನ್ನೂ ಹೊಯ್ಯದೆ ಕಾಯಿರಿ. ನಮ್ಮ ಗಾಡಿ ಹೊತ್ತಿಗೆ ಸರಿಯಾಗಿ ಹೊರಡುವಂತೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ.