ಹಸ್ತಪ್ರತಿ ಸಿದ್ಧವಾಯಿತು, ಇನ್ನು ಯಾರ ಕೈಗೆ?

ಕಾದಂಬರಿಯ ಕೊನೆಯ ಸಾಲನ್ನು ಬರೆದು ಲೇಖನಿಯನ್ನು ಕೆಳಗಿಟ್ಟ ಹೊಸ ಲೇಖಕನಿಗೆ, ಅಥವಾ ಲೇಖಕಿಗೆ, ಮೊದಲು ಹೊಳೆಯುವ ಪ್ರಶ್ನೆ: ಇದು ಪುಸ್ತಕವಾಗುವುದೆಂದು? ಮನೆಯವರ ಪ್ರಶ್ನೆ ಬೇರೆ: ಇದಕ್ಕೆ ಹಣ ಹಾಕುವವರು ಯಾರು? ಎರಡನೆಯದೇ ಹೆಚ್ಚು ವಿವೇಕದ ಪ್ರಶ್ನೆಯೆಂದು ನಮ್ಮ ಅಭಿಪ್ರಾಯ.

ತಾನೇ ಅಚ್ಚು ಹಾಕಿಸಿ ತಾನೇ ಮಾರುವುದು ಕನ್ನಡಕ್ಕೆ ಹೊಸದಲ್ಲ, ಅಗೌರವದ್ದೂ ಅಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದ ಸಂಗತಿ ಹಳಬರಿಗೆಲ್ಲ ಗೊತ್ತು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಹರ್ಷ ಪ್ರಕಟಣಾಲಯವನ್ನು ನಡೆಸಿದರು. ಪೂರ್ಣಚಂದ್ರ ತೇಜಸ್ವಿಯವರು ‘ಪುಸ್ತಕ ಪ್ರಕಾಶನ’ದಿಂದ ತಮ್ಮ ಕೃತಿಗಳನ್ನು ಹೊರತಂದರು. ಆದರೆ ಈ ಹಿರಿಯರ ಹೆಸರು ಹೇಳಿಕೊಂಡು ಮನೆಯಾಕೆಯ ಬಳೆಗಳನ್ನು ಅಡವಿಡಲು ಹೊರಡುವವರು ಸ್ವಲ್ಪ ತಾಳುವುದು ಲೇಸು. ಅಚ್ಚು ಹಾಕಿಸುವುದು ಸುಲಭ. ಬೇಕಾದಾಗ ಬೇಕಾದಷ್ಟೇ ಪ್ರತಿಗಳನ್ನು ತೆಗೆದುಕೊಡುವ ಯಂತ್ರಗಳು ಈಗ ಬಂದಿವೆ. ಕಷ್ಟವಿರುವುದೆಲ್ಲ ಮಾರಾಟದಲ್ಲಿ. ಅಂಗಡಿಯವರ ಕಮಿಷನ್, ಸಾಗಣೆಯ ವೆಚ್ಚ, ತಿಂಗಳುಗಟ್ಟಲೆ ಬಾರದ ಬಾಕಿ, ಇವೆಲ್ಲ ಕಳೆದು ಉಳಿಯುವುದು ಎಷ್ಟೋ ವೇಳೆ ಮಂಚದ ಕೆಳಗಿನ ಪುಸ್ತಕದ ಕಟ್ಟುಗಳು ಮಾತ್ರ. ಕಾರಂತರಿಗೂ ತೇಜಸ್ವಿಯವರಿಗೂ ಓದುಗರ ಬಳಗವಿತ್ತು. ಹೊಸಬರು ಅದನ್ನು ಇನ್ನೂ ಸಂಪಾದಿಸಬೇಕಾಗಿದೆ.

ಆ ಬಳಗವನ್ನು ಕಟ್ಟಿಕೊಡಲು ಪತ್ರಿಕೆಗಿಂತ ಸುಲಭವಾದ ಸಾಧನ ನಮಗೆ ಕಾಣದು. (ಪತ್ರಿಕೆಯವರು ಹೀಗೆನ್ನದೆ ಇನ್ನೇನು ಹೇಳಿಯಾರು ಎಂದು ವಾಚಕರು ನಗಬಹುದು!) 1965ರಲ್ಲಿ ಆರಂಭವಾದ ‘ಸುಧಾ’ದ ಧಾರಾವಾಹಿಗಳು, ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆ ಎಷ್ಟೋ ಹೆಸರುಗಳನ್ನು ಮನೆಮನೆಗೆ ಮುಟ್ಟಿಸಿವೆ. ವಾರವಾರವೂ ಓದುಗರನ್ನು ಕಾಯಿಸಬೇಕಾದಾಗ ಕಥೆಯ ಸಡಿಲ ಭಾಗಗಳು ಲೇಖಕನ ಕಣ್ಣಿಗೇ ಬೀಳುತ್ತವೆ. ಇಲ್ಲಿ ಕೈಯಿಂದ ಹಣ ಹೋಗುವುದಿಲ್ಲ, ಸ್ವಲ್ಪವಾದರೂ ಬರುತ್ತದೆ.

ಅನಂತರ ಪ್ರಕಾಶಕ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ನೆಚ್ಚಿ ಪುಸ್ತಕ ಹೊರತಂದಿತು, ಯು. ಆರ್. ಅನಂತಮೂರ್ತಿಯವರ ಮೊದಲ ಕಾದಂಬರಿ ‘ಸಂಸ್ಕಾರ’ 1965ರಲ್ಲಿ ಬೆಳಕು ಕಂಡದ್ದು ಅಲ್ಲಿಂದಲೇ. ಕಥೆಗಾರ ವಸುಧೇಂದ್ರರ ‘ಛಂದ ಪುಸ್ತಕ’ವು ಹೊಸ ಕಥೆಗಾರರ ಹಸ್ತಪ್ರತಿಗಳಿಗೆ ಸ್ಪರ್ಧೆ ನಡೆಸಿ ಪ್ರಕಟಿಸುತ್ತ ಬಂದಿದೆ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುವ ಯೋಜನೆಯನ್ನೂ ರೂಪಿಸಿತು. ಇವೆಲ್ಲ ಇರುವಾಗ, “ನೀವು ಇಷ್ಟು ಸಾವಿರ ಕೊಟ್ಟರೆ ನಾವು ಪ್ರಕಟಿಸುತ್ತೇವೆ” ಎನ್ನುವವನನ್ನು ಪ್ರಕಾಶಕನೆಂದು ಕರೆಯಲು ನಮಗೆ ಮನಸ್ಸಿಲ್ಲ. ಅವನು ಮುದ್ರಕ. ಹಣ ನಿಮ್ಮದಾದರೆ ಪ್ರತಿಗಳೂ ಹಕ್ಕೂ ನಿಮ್ಮವೇ ಆಗತಕ್ಕದ್ದು.

ಹಕ್ಕಿನ ವಿಷಯವನ್ನು ತುಸು ಬಿಡಿಸಿ ಹೇಳಬೇಕು; ಹೊಸಬರು ಎಡವುವುದು ಇಲ್ಲಿಯೇ. ಪುಸ್ತಕವಾದರೆ ಸಾಕೆಂಬ ಆತುರದಲ್ಲಿ ಇಡಿಗಂಟಿಗೆ ಎಲ್ಲ ಹಕ್ಕನ್ನೂ ಬರೆದುಕೊಟ್ಟರೆ, ಮುಂದೆ ಹತ್ತು ಮುದ್ರಣವಾದರೂ, ಕಥೆ ಚಲನಚಿತ್ರವೇ ಆದರೂ, ಮನೆಗೆ ಬಿಡಿಗಾಸು ಬಾರದು. ಗ್ರಂಥಸ್ವಾಮ್ಯವು ಲೇಖಕನ ಜೀವಿತಕಾಲವಲ್ಲದೆ ಅನಂತರವೂ 60 ವರ್ಷ ಉಳಿಯುವಂಥದು. ಮಕ್ಕಳ ಪಾಲಿನ ಆಸ್ತಿ. 1957ರ ಕಾಯಿದೆಯ ಈಗಿನ ರೂಪದಂತೆ, ಸಹಿ ಮಾಡಿದ ಪತ್ರವಿಲ್ಲದೆ ಅದು ಇನ್ನೊಬ್ಬರಿಗೆ ವರ್ಗವಾಗದು. ಪತ್ರದಲ್ಲಿ ಅವಧಿಯನ್ನು ಕಾಣಿಸದಿದ್ದರೆ 5 ವರ್ಷವೆಂದೇ ಅರ್ಥ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಬೇರೆ ಷರತ್ತು ಇಲ್ಲದ ಪಕ್ಷದಲ್ಲಿ, ಅದು ರದ್ದಾಗುತ್ತದೆ.

ಆದುದರಿಂದ ಪ್ರಕಾಶಕರೊಡನೆ ಎಷ್ಟೇ ಸ್ನೇಹವಿರಲಿ, ಎಷ್ಟು ಪ್ರತಿ, ಎಷ್ಟು ವರ್ಷ, ಮುಖಬೆಲೆಯ ಮೇಲೆ ಶೇಕಡಾ ಎಷ್ಟು ಗೌರವಧನ, ಲೆಕ್ಕ ಕೊಡುವುದು ಯಾವ ತಿಂಗಳಲ್ಲಿ ಎಂಬುದನ್ನು ಬರೆಸಿಕೊಳ್ಳಬೇಕು. ಧಾರಾವಾಹಿಗೆ ಒಪ್ಪಿಗೆ ಬಂದಾಗಲೂ ಪುಸ್ತಕದ ಹಕ್ಕು, ಚಲನಚಿತ್ರದ ಹಕ್ಕು ಲೇಖಕರಲ್ಲೇ ಉಳಿಯುವುದೆಂಬ ಒಂದು ಸಾಲನ್ನು ಸಂಪಾದಕರಿಂದ ಕೇಳಿ ಪಡೆಯಬಹುದು. ಅದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ. ಕಳುಹಿಸುವ ಮುನ್ನ ಹಸ್ತಪ್ರತಿಯ ನಕಲೊಂದನ್ನು ಮನೆಯಲ್ಲಿ ಇಟ್ಟುಕೊಂಡಿರಬೇಕು.