ಎಎಂಟಿನಾ, ಸಿವಿಟಿನಾ? ಕಾರ್ ಬುಕ್ ಮಾಡೋ ಮುಂಚೆ ಇದನ್ನ ಕೇಳಿ

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಕಾರಲ್ಲಿ ಓಡಾಡ್ತೀರಾ? ದೇವನಹಳ್ಳಿ ದಾಟೋ ತನಕ ಆರಾಮ. ಹೆಬ್ಬಾಳ ಬಂತು ಅಂದ್ರೆ ಎಡಗಾಲು ಕ್ಲಚ್ ಮೇಲೇ! ಚಿಕ್ಕ ಆಟೋಮ್ಯಾಟಿಕ್ ಕಾರು ಬೇಕು, ಸರಿ. ಯಾವುದು?

ಒಂದು, ಎಎಂಟಿ. ಗೇರ್‌ಬಾಕ್ಸ್ ಮಾಮೂಲಿದೇ. ಕ್ಲಚ್ ಒತ್ತಿ ಗೇರ್ ಬದಲಿಸೋ ಕೆಲಸ ಮಾತ್ರ ಯಂತ್ರದ್ದು. ನಮ್ಮ ದೇಶದಲ್ಲಿ ಇದನ್ನ ಮೊದಲು ತಂದಿದ್ದು 2014ರಲ್ಲಿ, ಮಾರುತಿ ಸೆಲೆರಿಯೊ. ವ್ಯಾಗನ್‌ಆರ್, ಟಿಯಾಗೊದಲ್ಲೂ ಇದೇ ಇರೋದು. ಬೆಲೆ ಕಡಿಮೆ, ಮೈಲೇಜ್ ಹೆಚ್ಚುಕಮ್ಮಿ ಮ್ಯಾನುಯಲ್‌ನಷ್ಟೇ. ಆದ್ರೆ ಗೇರ್ ಬದಲಾದಾಗ ಸಣ್ಣ ಜಗ್ಗು ಗೊತ್ತಾಗುತ್ತೆ.

ಎರಡು, ಸಿವಿಟಿ. ಎರಡು ಪುಲ್ಲಿ, ನಡುವೆ ಲೋಹದ ಬೆಲ್ಟ್. ಗೇರಿನ ಮೆಟ್ಟಿಲೇ ಇಲ್ಲ, ಹಾಗಾಗಿ ಜಗ್ಗೂ ಇಲ್ಲ. ಹೋಂಡಾ ಅಮೇಝ್‌ನಲ್ಲಿ ಸಿಗುತ್ತೆ. ದುಡ್ಡು ಮಾತ್ರ ಜಾಸ್ತಿ.

ಈಗ ನಂದಿಬೆಟ್ಟ, 1,478 ಮೀಟರ್ ಎತ್ತರ. ಭಾನುವಾರ ಬೆಳಗ್ಗೆ ಏರಲ್ಲಿ ಗಾಡಿಗಳ ಸಾಲು. ಎಎಂಟಿ ಕಾರನ್ನ ಆಕ್ಸಿಲರೇಟರ್ ಮೇಲೆ ನಿಲ್ಲಿಸ್ಕೋಬೇಡಿ, ಕ್ಲಚ್ ಸವೆಯುತ್ತೆ. ಬ್ರೇಕ್ ಒತ್ತಿ ನಿಲ್ಲಿಸಿ. ಕೊಳ್ಳುವಾಗ ಹಿಲ್ ಹೋಲ್ಡ್ ಇರೋ ಮಾಡೆಲ್ಲೇ ಕೇಳಿ. ಬ್ರೇಕ್ ಬಿಟ್ಟ ಮೇಲೂ ಒಂದೆರಡು ಸೆಕೆಂಡ್ ಕಾರು ಹಿಂದಕ್ಕೆ ಜಾರಲ್ಲ.

ಟೆಸ್ಟ್ ಡ್ರೈವ್ ಹೈವೇಲಿ ಬೇಡ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರ್ಕೆಟ್ ಹತ್ರ, ಜನದ ಮಧ್ಯೆ ನಿಧಾನಕ್ಕೆ ಓಡಿಸಿ ನೋಡಿ.

ನಮ್ಮ ತೀರ್ಪು? ಚಿಂತಾಮಣಿ, ಗೌರಿಬಿದನೂರು ಊರೊಳಗಿನ ಓಡಾಟ ಜಾಸ್ತಿ ಇದ್ರೆ ಎಎಂಟಿ ಸಾಕು. ದಿನಾ ಬೆಂಗಳೂರು ಟ್ರಾಫಿಕ್ ಇದ್ದು, ಕೈಯಲ್ಲಿ ದುಡ್ಡೂ ಇದ್ರೆ ಸಿವಿಟಿ. ನಿಮ್ಮ ಆಯ್ಕೆ ಯಾವುದು? ಕಾಮೆಂಟ್‌ನಲ್ಲಿ ಹೇಳಿ.