ಊರು ಬಿಟ್ಟವನಿಗೇ ಊರಿನ ಹೆಸರು

ಜಯನಗರದಿಂದ ಸೌತ್ ಎಂಡ್ ಸರ್ಕಲ್ ದಾಟಿ ಬಸವನಗುಡಿಯ ಕಡೆ ಹೋದರೆ ಕೃಷ್ಣರಾವ್ ಪಾರ್ಕ್ ಸಿಗುತ್ತದೆ. ಅಲ್ಲಿನ ಪೆವಿಲಿಯನ್‌ಗೆ ನಕ್ಷೆ ಬರೆದವರು ಒಟ್ಟೊ ಕೋನಿಗ್ಸ್‌ಬರ್ಗರ್. ಬರ್ಲಿನ್‌ನ ಯೆಹೂದಿ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಜರ್ಮನಿ ಬಿಟ್ಟು, ಈಜಿಪ್ಟ್‌ನಲ್ಲಿ ಕೆಲವು ವರ್ಷ ಕಳೆದು, 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕರೆಗೆ ಓಗೊಟ್ಟು ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾದವರು. ಟಾಟಾ ಇನ್‌ಸ್ಟಿಟ್ಯೂಟಿನ ಏರೋನಾಟಿಕ್ಸ್ ಕಟ್ಟಡವೂ ಅವರದೇ.

ಬಾಯಿಗೆ ಒಗ್ಗದ ಆ ಹೆಸರನ್ನು ಬಿಡಿಸಿದರೆ ಮಾತ್ರ ಬಲು ಸರಳ. ಕೋನಿಗ್ ಅಂದರೆ ರಾಜ, ಬರ್ಗ್ ಅಂದರೆ ಬೆಟ್ಟ, ಕೊನೆಯ 'ಅರ್' ಅಂದರೆ ಆ ಊರಿನವನು. ರಾಜಬೆಟ್ಟದವರು! ಹುಬ್ಬಳ್ಳಿ ಕಡೆಯ ಗುಡ್ಡದ ಮನೆತನದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಕೋನಿಗ್ಸ್‌ಬರ್ಗ್ ಹೆಸರಿನ ಊರುಗಳಲ್ಲಿ ದೊಡ್ಡದು ಬಾಲ್ಟಿಕ್ ಕಡಲ ಬಳಿಯದು. 1255ರಲ್ಲಿ ಹುಟ್ಟಿದ್ದು, ತತ್ತ್ವಜ್ಞಾನಿ ಕಾಂಟ್ ಬಾಳಿದ್ದು ಅಲ್ಲೇ, ಗಣಿತದವರ ಏಳು ಸೇತುವೆಗಳ ಒಗಟೂ ಅಲ್ಲಿಯದೇ. ಬವೇರಿಯಾದಲ್ಲಿ ಇನ್ನೊಂದು ಕೋನಿಗ್ಸ್‌ಬರ್ಗ್ ಇದೆ. ಹಾಗಾಗಿ ಎಲ್ಲ ಕೋನಿಗ್ಸ್‌ಬರ್ಗರ್‌ಗಳೂ ನೆಂಟರಲ್ಲ, ಎಲ್ಲರೂ ಯೆಹೂದಿಗಳೂ ಅಲ್ಲ. ಇಂಥ ಹೆಸರು ಅಂಟುವುದು ಊರು ಬಿಟ್ಟ ಮೇಲೆಯೇ. ಮಾಸ್ತಿಯೊಳಗೆ ಯಾರನ್ನೂ ಮಾಸ್ತಿ ಅನ್ನುವುದಿಲ್ಲ. ಗವಿಪುರದಲ್ಲಿ ಮನೆ ಮಾಡಿದ ವೆಂಕಟೇಶ ಅಯ್ಯಂಗಾರ್ಯರು ಮಾಸ್ತಿಯಾದರು. ಡಿವಿಜಿಯ 'ಡಿ'ಯಲ್ಲಿ ದೇವನಹಳ್ಳಿ ಕೂತಿದೆ.

ಯೆಹೂದಿಗಳಲ್ಲಿ ಹೆಚ್ಚಿನವರಿಗೆ ಹಿಂದೆ ಅಡ್ಡಹೆಸರೇ ಇರಲಿಲ್ಲ. ನಮ್ಮಂತೆಯೇ ಇಂಥವರ ಮಗ ಇಂಥವನು, ಅಷ್ಟೇ. ತೆರಿಗೆ, ಸೈನ್ಯದ ಲೆಕ್ಕಕ್ಕೆ ಅದು ಸಾಲದಾಯಿತು. 1787ರಲ್ಲಿ ಆಸ್ಟ್ರಿಯಾದ ದೊರೆ ಎರಡನೇ ಜೋಸೆಫ್, 1812ರಲ್ಲಿ ಪ್ರಷ್ಯಾ ಸರ್ಕಾರ, ಖಾಯಂ ಹೆಸರು ಬರೆಸಲೇಬೇಕೆಂದು ಆಜ್ಞೆ ಹೊರಡಿಸಿದವು. ಕೆಲವರು ಅಪ್ಪನ ಹೆಸರು ಹಿಡಿದರು, ಕೆಲವರು ಊರಿನದು. ತತ್ತ್ವಜ್ಞಾನಿ ಮೋಸೆಸ್ ಆಜ್ಞೆಗೂ ಮೊದಲೇ ಎರಡನ್ನೂ ಬಳಸಿದ್ದ: ಹುಟ್ಟೂರು ಡೆಸ್ಸಾವ್, ಅಪ್ಪ ಮೆಂಡೆಲ್. ಕೊನೆಗೆ ಉಳಿದದ್ದು ಮೆಂಡೆಲ್ಸನ್, ಅಂದರೆ ಮೆಂಡೆಲ್ಲನ ಮಗ.

ಹೀಗೆ ಜರ್ಮನ್ನರದೂ ಯೆಹೂದಿಗಳದೂ ಬೆರೆತುಹೋಗಿದ್ದ ಹೆಸರುಗಳು ನಾಝಿಗಳ ಕಣ್ಣಿಗೆ ಕಸವಾದವು. ಹೆಸರು ಕೇಳಿದೊಡನೆ ಜಾತಿ ತಿಳಿಯಬೇಕಲ್ಲ! (ಈ ಚಪಲ ನಮಗೆ ಹೊಸದೇನಲ್ಲ.) ತಮ್ಮ ಪಟ್ಟಿಯಲ್ಲಿನ ಯೆಹೂದಿ ಹೆಸರು ಇಲ್ಲದ ಯೆಹೂದಿಗಳು 1939ರ ಜನವರಿಯಿಂದ ಗಂಡಸಾದರೆ 'ಇಸ್ರೇಲ್', ಹೆಂಗಸಾದರೆ 'ಸಾರಾ' ಎಂದು ಸೇರಿಸಿಕೊಳ್ಳಬೇಕೆಂದು ಕಾನೂನು ಮಾಡಿದರು. ಒಟ್ಟೊ ಬೆಂಗಳೂರಿಗೆ ಬಂದ ವರ್ಷವೂ ಅದೇ. 1948ರಲ್ಲಿ ದೆಹಲಿಗೆ, ಆಮೇಲೆ ಲಂಡನ್‌ಗೆ ಹೋದ ಅವರು ತೀರಿಕೊಂಡದ್ದು 1999ರಲ್ಲಿ. ಬಾಲ್ಟಿಕ್ ಬಳಿಯ ಆ ಊರು ಮಾತ್ರ 1946ರಲ್ಲೇ ಸೋವಿಯತ್ ಕೈಯಲ್ಲಿ ಕಲಿನಿನ್‌ಗ್ರಾಡ್ ಆಗಿತ್ತು.

ಖಾಯಂ ಹೆಸರು ಬರೆಸೆಂದು ಕೇಳುವ ಜೋಸೆಫ್ ದೊರೆಯ ಗುಮಾಸ್ತ ಈಗ ಪಾಸ್‌ಪೋರ್ಟ್ ಅರ್ಜಿಯಲ್ಲಿ ಕೂತಿದ್ದಾನೆ. ಜೆ.ಪಿ. ನಗರದ ನಮ್ಮ ನೆಂಟರ ಹುಡುಗ ಸರ್‌ನೇಮ್ ಕಾಲಮ್ಮಿಗೆ ಇನಿಷಿಯಲ್ ಬಿಡಿಸಿ ಅಜ್ಜನ ಊರು ತುಂಬಿದ. ಈಗ ಅಮೆರಿಕದ ಆಫೀಸಿನಲ್ಲಿ ಅವನು ಮಿಸ್ಟರ್ ಹೊಳೆನರಸೀಪುರ. ಅಲ್ಲೇ ಹುಟ್ಟಿದ ಮಗಳೂ ಹೊಳೆನರಸೀಪುರ. ಆ ಊರನ್ನು ಅವಳಿನ್ನೂ ನೋಡಿಲ್ಲ.